ಹಳೆಯ ಕಾರಿಗೆ ಹೊಸ ಬಿಗಿ

ವಯಸ್ಸಾದ ವಸ್ತುವಿನ ಮೇಲಣ ಮಮತೆ ವಿಚಿತ್ರವಾದುದು. ಅದು ಇದ್ದಂತೆಯೇ ಇರಬೇಕೆಂಬ ಆಸೆ ಒಂದೆಡೆ, ಇನ್ನಷ್ಟು ಚೆನ್ನಾಗಬೇಕೆಂಬ ಆಸೆ ಇನ್ನೊಂದೆಡೆ. ಈ ಎರಡರ ಜಗ್ಗಾಟವನ್ನು ಕಾಣಬೇಕಾದರೆ ಇಂಗ್ಲೆಂಡಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಸಾಕಿಕೊಂಡಿರುವ ಒಡೆಯನನ್ನು ನೋಡಬೇಕು.

ಆಬಿಂಗ್ಡನ್ನಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಎಂಬ ಪುಟ್ಟ ಕಾರನ್ನೇ ತೆಗೆದುಕೊಳ್ಳಬಹುದು. ಹೊರಬಂದವು 5 ಲಕ್ಷಕ್ಕೂ ಮೇಲೆ. ಉಳಿದವಕ್ಕೆ ಇಂದಿಗೂ ಬಿಡಿಭಾಗಗಳು ದೊರೆಯುತ್ತವೆ. ಆದುದರಿಂದಲೇ ಒಡೆಯನಿಗೆ ಪ್ರಲೋಭನೆಯೂ ಹೆಚ್ಚು. ಕಾರು ತಿರುವಿನಲ್ಲಿ ವಾಲಿದರೆ, ಗುಂಡಿ ದಾಟಿದ ಮೇಲೂ ಕುಣಿಯುತ್ತಿದ್ದರೆ, ಬಿಗಿಯಾದ ಸ್ಪ್ರಿಂಗು, ಹೊಸ ಬಗೆಯ ಶಾಕ್ ಅಬ್ಸಾರ್ಬರು ತರಿಸುವ ಯೋಚನೆ ತಲೆಗೇರುತ್ತದೆ. ಯೋಚನೆಯೇನೋ ಸರಿ, ಕ್ರಮ ಮಾತ್ರ ತಪ್ಪಬಾರದು.

ಈ ಕಾರಿನ ಮುಂಚಕ್ರಗಳಿಗೆ ಸುರುಳಿ ಸ್ಪ್ರಿಂಗು. ಹಿಂಚಕ್ರಗಳಿಗೆ ಲಾರಿಗಳಲ್ಲಿ ಕಾಣುವಂಥ ಪಟ್ಟಿ ಸ್ಪ್ರಿಂಗು. ಭಾರ ಹೊರುವುದು ಸ್ಪ್ರಿಂಗಿನ ಕೆಲಸ. ಕುಣಿಯತೊಡಗಿದ ಸ್ಪ್ರಿಂಗನ್ನು ಸುಮ್ಮನಾಗಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಇಂದಿನ ಕಾರುಗಳಲ್ಲಿ ಇದು ಕೊಳವೆಯಾಕಾರದ್ದು; ಎಂ.ಜಿ.ಬಿ.ಯಲ್ಲಿ ಎಣ್ಣೆ ತುಂಬಿದ ಲೋಹದ ಪೆಟ್ಟಿಗೆ, ಅದಕ್ಕೊಂದು ತೋಳು. ಮುಂಭಾಗದಲ್ಲಿ ಈ ತೋಳಿಗೆ ಇನ್ನೊಂದು ಹೊಣೆಯೂ ಉಂಟು. ಚಕ್ರವನ್ನು ಮೇಲ್ಗಡೆ ಹಿಡಿದು ನಿಲ್ಲಿಸುವುದೂ ಅದೇ. ಅದರ ಬೇರಿಂಗು ಸವೆಯಿತೆಂದರೆ ಕುಲುಕಾಟದೊಡನೆ ಚಕ್ರದ ನಿಲುವೂ ಕೆಡುತ್ತದೆ. ಅಂಥ ಕಾರಿಗೆ ಬಿಗಿ ಸ್ಪ್ರಿಂಗು ಹಾಕುವುದು ಗೆದ್ದಲು ತಿಂದ ತೊಲೆಯ ಮೇಲೆ ಮಹಡಿ ಕಟ್ಟಿದಂತೆ.

ಬಲ್ಲ ಮೆಕ್ಯಾನಿಕನು ಮೊದಲು ನೋಡುವುದು ಕೀಲುಗಳಲ್ಲಿ ಅಡಗಿರುವ ರಬ್ಬರು ಬುಷ್ಷುಗಳನ್ನು. ಎಣ್ಣೆಯೂ ವಯಸ್ಸೂ ಸೇರಿ ಅವನ್ನು ಹಾಳುಮಾಡಿರುತ್ತವೆ. ಅವುಗಳ ಬದಲಿಗೆ, 1973ರಲ್ಲಿ ಬಂದ ಎಂಟು ಸಿಲಿಂಡರಿನ ಮಾದರಿಯ ಬುಷ್ಷುಗಳನ್ನು ಕೂಡಿಸಿದರೆ ಕಾರು ಸ್ಟಿಯರಿಂಗಿನ ಮಾತು ಕೇಳುತ್ತದೆ, ಮೆತ್ತನೆಯ ಗುಣವೂ ಉಳಿಯುತ್ತದೆ. ಪಾಲಿಯುರಿಥೇನಿನವು ಇನ್ನೂ ಬಿಗಿ, ಬಾಳಿಕೆಯೂ ಹೆಚ್ಚು. ಆದರೆ ರಸ್ತೆಯ ಒಂದೊಂದು ಕಲ್ಲಿನ ಸುದ್ದಿಯನ್ನೂ ಪಕ್ಕದಲ್ಲಿ ಕುಳಿತ ಮಡದಿಗೆ ಮುಟ್ಟಿಸುತ್ತವೆ. ಅನಂತರ ಕಿಂಗ್ ಪಿನ್ನುಗಳಿಗೆ ತಪ್ಪದೆ ಗ್ರೀಸು, ಜೋತುಬಿದ್ದ ಪಟ್ಟಿಗಳಿಗೆ ಬಿಡುಗಡೆ. ಕೊಳವೆ ಮಾದರಿಯ ಶಾಕ್ ಅಬ್ಸಾರ್ಬರುಗಳ ಸರದಿ ಇದಾದ ಮೇಲೆ. ಅಷ್ಟರಲ್ಲಿ ಎಷ್ಟೋ ಒಡೆಯರಿಗೆ ಅವು ಬೇಡವೆಂದೇ ತೋರುತ್ತದೆ.

ಒಂದನ್ನು ಬದಲಿಸಿ ಮಿಕ್ಕವನ್ನು ಮರೆತರೆ ಏನಾಗುವುದೆಂಬುದಕ್ಕೆ ಈ ಕಾರಿನ ಚರಿತ್ರೆಯೇ ಸಾಕ್ಷಿ. 1974ರಲ್ಲಿ ಅಮೆರಿಕದ ನಿಯಮಗಳಿಗೆ ಒಪ್ಪುವಂತೆ ಭಾರವಾದ ರಬ್ಬರು ಬಂಪರು ಜೋಡಿಸಿ, ಕಾರನ್ನು ಸುಮಾರು ಒಂದು ಅಂಗುಲ ಎತ್ತರಿಸಿದರು. ವಾಲುವುದನ್ನು ತಡೆಯುವ ಮುಂದಿನ ಉಕ್ಕಿನ ಸರಳನ್ನೂ ಕೆಲಕಾಲ ಕೈಬಿಟ್ಟರು. ತಿರುವುಗಳಲ್ಲಿ ಕಾರಿನ ಹಿಡಿತ ಕೆಟ್ಟಿತು. 1977ರ ಮಾದರಿಯಲ್ಲಿ ಮುಂದಕ್ಕೂ ಹಿಂದಕ್ಕೂ ಸರಳು ಕೊಟ್ಟು ದೋಷವನ್ನು ತಕ್ಕಮಟ್ಟಿಗೆ ತಿದ್ದಿದರು. ಆ ನಡುವಿನ ಕಾರನ್ನು ಪಡೆದವನು ಅದನ್ನು ಹಳೆಯ ಎತ್ತರಕ್ಕೆ ಇಳಿಸಿ ಸರಳು ಕೂಡಿಸಿದರೆ, ಶೋಕಿಯೆಂದು ಯಾರೂ ನಗಬೇಕಾಗಿಲ್ಲ.

ಮಳೆ ಬಿದ್ದ ರಸ್ತೆಯ ತಿರುವಿನಲ್ಲಿ ಜೀವ ಉಳಿಸುವುದು ನೆಲವನ್ನು ಬಿಡದ ಟೈರು. ಅತಿ ಸಡಿಲವಾದ ಕಾರು ಓಲಾಡುತ್ತದೆ. ಅತಿ ಬಿಗಿಯಾದದ್ದು ಉಬ್ಬು ಕಂಡಲ್ಲಿ ನೆಲ ಬಿಟ್ಟು ನೆಗೆಯುತ್ತದೆ. ಹಳೆಯದಕ್ಕೆ ಹೊಸ ಬಲ ತುಂಬುವ ಮುನ್ನ, ಕಾಲ ಕಿತ್ತುಕೊಂಡ ಅದರ ಸ್ವಂತ ಬಲವನ್ನು ಮರಳಿ ಕೊಡುವುದೇ ವಿವೇಕ.