ಕಲ್ಲಿನ ಕಾಮಿಕ್ಸು, 1 ಜಿಬಿ ರ‍್ಯಾಮು

ಅರಸೀಕೆರೆಯಲ್ಲಿ ನಮ್ಮ ಗ್ಯಾಂಗಿನ ಹಳೇ ಲ್ಯಾಪ್‌ಟಾಪಿಗೆ ಇರೋದು 1 ಜಿಬಿ ರ‍್ಯಾಮು. ರ‍್ಯಾಮಿನಲ್ಲೇ ಕೂತು ಓಡೋ ಪಪ್ಪಿ ಲಿನಕ್ಸ್ ಹಾಕಿದ ಮೇಲೆ ಅದೇ ನಮ್ಮ ಗ್ರಾಫಿಕ್ ನಾವೆಲ್ ಲೈಬ್ರರಿ. ಸಿಬಿಜೆಡ್ ಕಾಮಿಕ್ ಅಂದ್ರೆ ಚಿತ್ರಗಳ ಜಿಪ್ ಫೈಲು ಅಷ್ಟೇ, ಆರಾಮಾಗಿ ತೆರೆಯುತ್ತೆ. ಕನ್ನಡ ಮಾತ್ರ ಖಾಲಿ ಚೌಕಗಳಾಗಿ ಬಂತು. ಫಾಂಟ್ ಹಾಕಿದ್ಮೇಲೆ ಅಕ್ಷರ ಮೂಡಿದವು.

ಬೇಲೂರಿನಿಂದ 16 ಕಿ.ಮೀ. ದೂರದ ಹಳೇಬೀಡಿನಲ್ಲಿ 12ನೇ ಶತಮಾನದ ಹೊಯ್ಸಳೇಶ್ವರ ದೇವಸ್ಥಾನ. ಆನೆ ಸಾಲಿನ ಮೇಲೆ ರಾಮಾಯಣ, ಮಹಾಭಾರತ ಚಿತ್ರದಿಂದ ಚಿತ್ರಕ್ಕೆ ಸಾಗುತ್ತವೆ. ಮಕರಗಳಂತೂ ಪಕ್ಕಾ ಫ್ಯಾಂಟಸಿ. ಇಂಗ್ಲಿಷ್ ಮೀಡಿಯಂನ ನಮಗೆ ಅಲ್ಲೂ ಖಾಲಿ ಚೌಕಗಳೇ. ಓದು ಬರಹ ಬಾರದ ಅಜ್ಜಿ ಮಾತ್ರ ಗೋಡೆಯನ್ನು ಗಡಗಡ ಓದ್ತಾರೆ: ಇದು ಚಕ್ರವ್ಯೂಹ, ಇವನು ಅಭಿಮನ್ಯು.

ಅಜ್ಜಿಗೀಗ ಕಣ್ಣು ಮಂಜು. ಆ ಫಾಂಟು ಎಲ್ಲೂ ಡೌನ್‌ಲೋಡಿಗೆ ಸಿಗಲ್ಲ. ಅವರು ಇರುವಾಗಲೇ ಕೇಳಿಸಿಕೊಂಡು ಹಾಕ್ಕೋಬೇಕು.