ಸಂಪಿಗೆಯ ನೆಂಟರು

ಹೂವಮ್ಮನ ಬುಟ್ಟಿಯಲ್ಲಿ ಸಂಪಿಗೆ ಬಂದಿದ್ದರೆ ಬಾಗಿಲು ತೆಗೆಯುವ ಮೊದಲೇ ಗೊತ್ತಾಗುತ್ತದೆ. ಎರಡು ಕೊಂಡು ದೇವರ ಮುಂದೆ ಒಂದು, ಓದುತ್ತಿರುವ ಪುಸ್ತಕದ ನಡುವೆ ಒಂದು ಇಡುವುದು ನನ್ನ ಹಳೆಯ ಅಭ್ಯಾಸ. ಈ ಸಂಪಿಗೆಯನ್ನು ಸಸ್ಯಶಾಸ್ತ್ರದವರು ಬಹಳ ಕಾಲ ಬೇರೆ ಕುಲದಲ್ಲಿಟ್ಟಿದ್ದರು. ಈಗ ಮ್ಯಾಗ್ನೋಲಿಯಾ ಕುಲಕ್ಕೇ ಸೇರಿಸಿದ್ದಾರೆ. ಅದನ್ನು ಓದಿದ ದಿನ ನನಗೆ ದೂರದ ನೆಂಟರೊಬ್ಬರು ಸಿಕ್ಕಷ್ಟು ಸಂತೋಷವಾಯಿತು. ಏಕೆಂದರೆ ನನಗೆ ಬಹಳ ಬೇಕಾದ ಒಂದು ಮ್ಯಾಗ್ನೋಲಿಯಾ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದೆ.

1885ರ ಸುಮಾರಿಗೆ ನಾರ್ತ್ ಕ್ಯಾರೊಲಿನಾದಿಂದ ತಂದ ಸಸಿ ಅದು. ಬೆಚ್ಚನೆಯ ಸೀಮೆಯ ಮರ ಆ ಊರಿನ ಚಳಿಗೆ ಉಳಿಯುವುದೇ ಕಷ್ಟ. ಬೆನ್ನಿಗೆ ನಿಂತ ಹಳೆಯ ಮನೆಗಳು ಗಾಳಿಗೆ ಅಡ್ಡವಾಗಿದ್ದವು, ಮರ ಬದುಕಿತು. ಎಷ್ಟೋ ವರ್ಷಗಳ ಮೇಲೆ ಆ ಮನೆಗಳನ್ನೇ ಕೆಡವುವ ಮಾತು ಬಂತು. ಗೋಡೆ ಹೋದರೆ ಮರವೂ ಹೋದಂತೆಯೇ. ಆಗ ಎದ್ದು ನಿಂತವರು ಹ್ಯಾಟಿ ಕಾರ್ಥನ್ ಎಂಬ ಅಜ್ಜಿ.

ಅವರಿದ್ದ ಬೆಡ್‌ಫರ್ಡ್-ಸ್ಟೈವೆಸೆಂಟ್ ಆಗ ಕರಿಯ ಜನರ ಬಡಾವಣೆ. ಬ್ಯಾಂಕುಗಳು ಸಾಲ ಕೊಡದೆ ದೂರವಿಟ್ಟಿದ್ದ ಜಾಗ; ಅನುಕೂಲವಿದ್ದವರು ಬಿಟ್ಟು ಹೋಗುತ್ತಿದ್ದರು. ಅರವತ್ತು ದಾಟಿದ ಮೇಲೆ ಈಕೆ ನೆರೆಹೊರೆಯವರನ್ನು ಒಂದೆಡೆ ಕೂಡಿಸಿದರು, ಬೀದಿಯಲ್ಲಿ ಅಡುಗೆ ಮಾಡಿ ಮಾರಿ ಗಿಡಕ್ಕೆ ದುಡ್ಡು ಹೊಂದಿಸಿದರು, ಮೇಯರ್ ಜಾನ್ ಲಿಂಡ್ಸೆಯನ್ನೂ ಬೀದಿಗೆ ಕರೆಸಿದರು. ಅವರ ಪ್ರಯತ್ನದಿಂದ ಆ ಸುತ್ತಿನಲ್ಲಿ ನೆಟ್ಟ ಮರಗಳು 1,500ಕ್ಕೂ ಹೆಚ್ಚು. 1970ರಲ್ಲಿ ಆ ಮ್ಯಾಗ್ನೋಲಿಯಾಕ್ಕೆ ನಗರದ ಸ್ಮಾರಕವೆಂಬ ರಕ್ಷಣೆ ಸಿಕ್ಕಿತು. ಹಿಂದಿನ ಮನೆಗಳೂ ಉಳಿದವು. ಸ್ಮಾರಕವೆಂದರೆ ಕಲ್ಲುಕಟ್ಟಡವೆಂದೇ ತಿಳಿದ ನಮಗೆ, ಎಲೆ ಉದುರಿಸುತ್ತ ಹೂ ಬಿಡುತ್ತ ಇರುವ ಸ್ಮಾರಕ!

ಇಷ್ಟಾದರೂ ನನ್ನ ಮನಸ್ಸು ಹಿಡಿದದ್ದು ಬೇರೆ ಸಂಗತಿ. 1971ರಲ್ಲಿ ಅವರು ಮಕ್ಕಳ ಪಡೆಯೊಂದನ್ನು ಕಟ್ಟಿದರು. ಬೀದಿಮರದ ಬುಡ ಕೆದಕುವುದು, ನೀರು ಹಾಕುವುದು, ಮರದ ಹೆಸರು ಹೇಳುವುದು, ಎಲ್ಲವನ್ನೂ ಅಲ್ಲೇ ಹುಟ್ಟಿ ಬೆಳೆಯುತ್ತಿದ್ದ ಹುಡುಗ ಹುಡುಗಿಯರಿಗೆ ಕಲಿಸಿದರು. ನಮ್ಮಲ್ಲಿ ಜೂನ್ 5 ಬಂದರೆ ಸಾಕು, ಶಾಲೆ ಶಾಲೆಯಲ್ಲೂ ಸಸಿ ನೆಡುತ್ತಾರೆ. ಫೋಟೊ ತೆಗೆದ ಮೇಲೆ ಆ ಸಸಿ ಯಾರದು? ಮಾರನೆಯ ದಿನ ಅದಕ್ಕೆ ಒಂದು ಚೆಂಬು ನೀರು ಹಾಕುವ ಮಗುವಿನ ಹೆಸರನ್ನು ಯಾರೂ ಬರೆದಿಟ್ಟಿರುವುದಿಲ್ಲ. ಇದು ನನ್ನನ್ನು ಪ್ರತಿ ವರ್ಷವೂ ನೋಯಿಸುತ್ತದೆ.

ನಮ್ಮ ಮನೆಯ ಹಿಂದಿನ ಕೊಳೆಗೇರಿಗೆ ನಾನು ಭಾನುವಾರ ಹೋಗುವುದುಂಟು. ಅಲ್ಲಿ ಜಾಗವೆಂಬುದು ಇಲ್ಲ, ಆದರೂ ಗಿಡಗಳಿವೆ. ಪೇಂಟ್ ಡಬ್ಬಿಯಲ್ಲಿ ದೊಡ್ಡಪತ್ರೆ, ಒಡೆದ ಬಕೆಟ್ಟಿನಲ್ಲಿ ತುಳಸಿ, ಶೀಟಿನ ಮಾಡಿನ ಮೇಲೆ ಹಬ್ಬಿದ ಬಸಳೆ. ಮೂಲೆಯಲ್ಲೊಂದು ನುಗ್ಗೆಮರ, ಅದರ ಸೊಪ್ಪನ್ನು ಯಾರು ಬೇಕಾದರೂ ಕೊಯ್ಯಬಹುದು, ಕೊಂಬೆ ಮಾತ್ರ ಮುರಿಯಬಾರದು. ಹೀಗೆಂದು ಯಾರೂ ಬೋರ್ಡು ಹಾಕಿಲ್ಲ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಅಕ್ಕಿ ತೊಳೆದ ನೀರನ್ನು ಲೋಟದಲ್ಲಿ ಅಳೆದು ಅಳೆದು ಡಬ್ಬಿಗಳಿಗೆ ಹಾಕುತ್ತಾಳೆ. ನಲ್ಲಿಯಲ್ಲಿ ನೀರು ಬರುವುದು ಎರಡು ದಿನಕ್ಕೊಮ್ಮೆ, ಅಳೆಯದೆ ವಿಧಿಯಿಲ್ಲ. ಯಾವ ಗಿಡಕ್ಕೆ ಎಷ್ಟು ಸಾಕು ಎಂದು ಆ ಮಗುವಿಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ.

ಹೋದ ಮಳೆಗಾಲದಲ್ಲಿ ಅವಳಿಗೆ ಸಂಪಿಗೆ ಬೀಜ ಕೊಟ್ಟೆ. ಹಳತಾದರೆ ಮೊಳೆಯುವುದಿಲ್ಲ, ಇವತ್ತೇ ಹಾಕು ಎಂದಿದ್ದೆ. ಎರಡು ಮೊಳೆತವು. ಒಂದನ್ನು ಕೋಳಿ ಕೆದರಿತು. ಇನ್ನೊಂದು ಗೇಣುದ್ದ ಬಂದು ಡಬ್ಬಿಯಲ್ಲಿ ನಿಂತಿದೆ.

"ದೊಡ್ಡ ಮರ ಆಗುತ್ತೆ ಕಣಮ್ಮ, ಡಬ್ಬಿ ಸಾಲದು. ಎಲ್ಲಿ ನೆಡ್ತೀಯ?" ಎಂದು ಮೊನ್ನೆ ಕೇಳಿದೆ.

ಅವಳು ನನ್ನ ಕೈ ಹಿಡಿದು ನಲ್ಲಿಕಟ್ಟೆಯ ಹತ್ತಿರ ಕರೆದೊಯ್ದಳು. ಕಟ್ಟೆಯ ಪಕ್ಕ ಒಂದು ಚಪ್ಪಡಿ ಬಿರುಕು ಬಿಟ್ಟಿತ್ತು.

"ಇದನ್ನ ಎತ್ತಿಸಿದ್ರೆ ಆಯ್ತು ಆಂಟಿ, ಕೆಳಗೆ ಮಣ್ಣೈತೆ. ನಾನು ಕಡ್ಡಿ ಚುಚ್ಚಿ ನೋಡಿದೀನಿ."