ಫ್ರೀವೀಲಿನ ಗೊಣಗಾಟ

ಗಿರಣಿಯು ಓಡುವಾಗ ಗದ್ದಲ ಮಾಡುತ್ತದೆ; ರಾಟೆಯು ನೀರೆತ್ತುವಾಗ ಕಿರುಗುಟ್ಟುತ್ತದೆ; ಗಾಣವು ಎಣ್ಣೆ ಹಿಂಡುವಾಗ ನರಳುತ್ತದೆ. ದುಡಿಮೆಯೊಡನೆ ಸದ್ದು ಹುಟ್ಟುವುದು ಲೋಕದ ರೂಢಿ. ಸೈಕಲ್ಲಿನ ಫ್ರೀವೀಲ್ ಮಾತ್ರ ಈ ರೂಢಿಗೆ ಹೊರತು. ಸವಾರನು ಪೆಡಲನ್ನು ತುಳಿಯುತ್ತಿರುವಷ್ಟು ಹೊತ್ತೂ ಅದು ಮೌನಿ. ಕಾಲು ನಿಂತು ಚಕ್ರವು ತನ್ನಷ್ಟಕ್ಕೆ ಉರುಳತೊಡಗಿತೋ, ಅದಕ್ಕೆ ನಾಲಗೆ ಬರುತ್ತದೆ.

ಫ್ರೀವೀಲ್ ಇಲ್ಲದ ಕಾಲವೂ ಒಂದಿತ್ತು. ಆಗ ಚಕ್ರವು ತಿರುಗುವಷ್ಟು ಹೊತ್ತೂ ಪೆಡಲು ತಿರುಗಲೇಬೇಕಾಗಿತ್ತು. ಇಳಿಜಾರು ಬಂದಾಗ ಸವಾರನು ಕಾಲುಗಳನ್ನೆತ್ತಿ, ಮುಂಚಕ್ರದ ಕವಲಿಗೆ ಜೋಡಿಸಿದ ಗೂಟಗಳ ಮೇಲಿರಿಸಿ, ದೇವರ ಮೇಲೆ ಭಾರ ಹಾಕಿ ಕುಳಿತಿರುತ್ತಿದ್ದನು. 1869ರಲ್ಲಿ ಅಮೆರಿಕದ ವಿಲಿಯಂ ವ್ಯಾನ್ ಆಂಡೆನ್ ಎಂಬವನು ಈ ಕಟ್ಟನ್ನು ಬೇಕಾದಾಗ ಸಡಿಲಿಸುವ ಸಾಧನವೊಂದಕ್ಕೆ ಹಕ್ಕುಪತ್ರ ಪಡೆದನು. ಆದರೂ ಅಂಥ ಸಾಧನವು ಬಳಕೆಗೆ ಬಂದು ನೆಲೆಯೂರಲು ಸುಮಾರು ಮೂವತ್ತು ವರ್ಷಗಳೇ ಹಿಡಿದವು.

ಇಂದಿನ ಸಾಮಾನ್ಯ ಫ್ರೀವೀಲಿನ ರಚನೆ ಸರಳವಾದುದು. ಹೊರಗಿನ ಬಳೆಯ ಮೇಲೆ ಚೈನು ಕೂರುವ ಹಲ್ಲುಗಳಿವೆ. ಅದೇ ಬಳೆಯ ಒಳಮೈಯಲ್ಲಿ ಗರಗಸದಂತೆ ಒಂದೇ ಕಡೆಗೆ ಬಾಗಿದ ಹಲ್ಲುಗಳಿವೆ. ಒಳಗಿನ ತಿರುಳಿನಲ್ಲಿ ಉಗುರಿನಷ್ಟು ಗಾತ್ರದ ಎರಡು ಉಕ್ಕಿನ ಚಿಲಕಗಳಿದ್ದು, ಕೂದಲೆಳೆಯಂಥ ಸ್ಪ್ರಿಂಗು ಅವನ್ನು ಹೊರಕ್ಕೆ ಒತ್ತುತ್ತಿರುತ್ತದೆ. ಪೆಡಲು ತುಳಿದಾಗ ಚಿಲಕವು ಹಲ್ಲಿಗೆ ಸಿಕ್ಕಿ ಚಕ್ರವನ್ನು ತಿರುಗಿಸುತ್ತದೆ. ತುಳಿಯದಿರುವಾಗ ಚಿಲಕಗಳು ಹಲ್ಲಿನಿಂದ ಹಲ್ಲಿಗೆ ಜಾರಿ ಕಟಕಟ ಎನ್ನುತ್ತವೆ. ಉತ್ತರ ಹಿಂದೂಸ್ಥಾನದ ಸೈಕಲ್ ಕಸುಬಿನವರು ಈ ಚಿಲಕಗಳನ್ನು ‘ಕುತ್ತೆ’, ಎಂದರೆ ನಾಯಿಗಳು, ಎಂದೇ ಕರೆಯುತ್ತಾರೆ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆ ಇಲ್ಲಿ ಸಲ್ಲದು. ಬಿಡುವಿನಲ್ಲಿ ಬೊಗಳಿ, ಕೆಲಸ ಬಂದಾಗ ಬಿಗಿಯಾಗಿ ಕಚ್ಚುವ ನಾಯಿಗಳಿವು!

ಬೆಂಗಳೂರಿನ ಮೆಟ್ರೋ ರೈಲಿನಲ್ಲಿ ಮಡಿಸುವ ಸೈಕಲ್ಲುಗಳನ್ನು ಒಯ್ಯಲು 2022ರಲ್ಲಿ ಅನುಮತಿ ದೊರೆತ ಮೇಲೆ, ಜಯನಗರದ ಗೃಹಸ್ಥರೊಬ್ಬರು ಅಂಥದೊಂದನ್ನು ಕೊಂಡರು. ಲೆಕ್ಕಪತ್ರದ ಗುಮಾಸ್ತರು, ವಯಸ್ಸು ಐವತ್ತರ ಹತ್ತಿರ. ಮನೆಯಿಂದ ನಿಲ್ದಾಣದವರೆಗೆ ಸವಾರಿ. ಅಲ್ಲಿ ಮಡಿಸಿ ರೈಲಿಗೆ. ಇಳಿದು ಬಿಡಿಸಿ ಮತ್ತೆ ಕಛೇರಿಯವರೆಗೆ ಸವಾರಿ. ಎಲ್ಲವೂ ಸುಗಮವಾಗಿತ್ತು, ಆ ಸದ್ದೊಂದನ್ನು ಬಿಟ್ಟು. ಇಳಿಜಾರಿನಲ್ಲಿ ಅವರು ಬಂದರೆಂದರೆ ಬೀದಿಯ ಜನ ತಿರುಗಿ ನೋಡುವರು. ಕಛೇರಿಯ ಗೆಳೆಯರು ‘ಜೀರುಂಡೆ’ ಎಂದು ಹೆಸರಿಟ್ಟರು. ತಂದೆಯವರ 28 ಅಂಗುಲದ ಸೈಕಲ್ಲು ಎಂದೂ ಹೀಗೆ ಅರಚಿರಲಿಲ್ಲ.

ಅರಚದಿದ್ದುದಕ್ಕೆ ಕಾರಣ ಲೆಕ್ಕದಲ್ಲಿದೆ. 28 ಅಂಗುಲದ ಚಕ್ರವು ಒಂದು ಕಿಲೋಮೀಟರಿಗೆ ಸುಮಾರು 450 ಸುತ್ತು ಸುತ್ತಿದರೆ, 16 ಅಂಗುಲದ ಚಕ್ರವು ಸುಮಾರು 780 ಸುತ್ತು ಸುತ್ತಬೇಕು. ಒಳಗಿನ ಹಲ್ಲುಗಳು ಇಪ್ಪತ್ತೆಂದು ಇಟ್ಟುಕೊಂಡರೆ, ಗಂಟೆಗೆ 18 ಕಿಲೋಮೀಟರು ವೇಗದಲ್ಲಿ ದೊಡ್ಡ ಚಕ್ರದ ಚಿಲಕವು ಸೆಕೆಂಡಿಗೆ 45 ಸಲ ಬಡಿದರೆ ಪುಟ್ಟ ಚಕ್ರದ್ದು 78 ಸಲ ಬಡಿಯುತ್ತದೆ. ಕಟಕಟವು ಕಿರ್ರೆನ್ನುವ ಏಕನಾದವಾಗುವುದು ಹೀಗೆ. ಇದು ಗುಮಾಸ್ತರ ಸೈಕಲ್ಲೊಂದರ ಪಾಡಲ್ಲ. ಲಂಡನ್ನಿನಲ್ಲಿ ಆಂಡ್ರ್ಯೂ ರಿಚಿ 1975ರಲ್ಲಿ ರೂಪಿಸತೊಡಗಿ ಮುಂದೆ ಲೋಕಪ್ರಸಿದ್ಧವಾದ ಬ್ರಾಂಪ್ಟನ್ ಸೈಕಲ್ಲಿಗೂ 16 ಅಂಗುಲದ ಚಕ್ರವೇ. ಮಡಿಸಿ ಕೈಯಲ್ಲಿ ಹಿಡಿಯಬೇಕೆಂದರೆ ಚಕ್ರ ಚಿಕ್ಕದಾಗಲೇಬೇಕು. ಚಿಕ್ಕದಾದರೆ ಹೆಚ್ಚು ತಿರುಗಲೇಬೇಕು.

ದಿನವಿಡೀ ಅಂಕಿಗಳೊಡನೆ ಒಡನಾಡುವವರಿಗೆ ಈ ಲೆಕ್ಕ ಹೊಳೆಯಲಿಲ್ಲ. ನಗೆಪಾಟಲಾಗುವೆನೆಂಬ ಅಂಜಿಕೆ ಲೆಕ್ಕವನ್ನು ಮರೆಸುತ್ತದೆ. ದಾರಿಬದಿಯ ಅಂಗಡಿಯೊಂದರಲ್ಲಿ ಗಟ್ಟಿ ಗ್ರೀಸನ್ನು ಫ್ರೀವೀಲಿನೊಳಕ್ಕೆ ತುಂಬಿಸಿದರು. ಸದ್ದು ನಿಂತಿತು. ಗೆಳೆಯರು ‘ಜೀರುಂಡೆ ಸತ್ತಿತೆ?’ ಎಂದು ಕೇಳಿದಾಗ ಅವರಿಗೆ ಹಿಗ್ಗೋ ಹಿಗ್ಗು.

ನಾಲ್ಕು ತಿಂಗಳು ಕಳೆದು ಡಿಸೆಂಬರ್ ಬಂತು. ಒಂದು ಮುಂಜಾನೆ ಹಸಿರು ದೀಪಕ್ಕಾಗಿ ಕಾದು ನಿಂತಿದ್ದವರು, ದೀಪ ಬದಲಾದೊಡನೆ ಮೈಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿ ತುಳಿದರು. ಕತ್ತಲಲ್ಲಿ ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟಂತೆ ಪೆಡಲು ಬರಿದೆ ಕೆಳಗಿಳಿಯಿತು. ಎದೆ ಹಿಡಿಗೆ ಬಡಿಯಿತು. ಮೊಣಕಾಲು ರಸ್ತೆಗೆ ಉಜ್ಜಿತು. ಹಿಂದಿದ್ದ ಬಸ್ಸಿನ ಚಾಲಕನು ಎಚ್ಚರವಾಗಿದ್ದುದರಿಂದ ಅಷ್ಟಕ್ಕೇ ಮುಗಿಯಿತು. ಬಸ್ಸಿನ ಮೂತಿಗೂ ಅವರ ಬೆನ್ನಿಗೂ ಒಂದು ಮಾರು ಅಂತರವೂ ಇರಲಿಲ್ಲ.

ಬಸವನಗುಡಿಯ ಓಣಿಯೊಂದರ ಮುದುಕ ರಿಪೇರಿಗಾರನು ಸೈಕಲ್ಲನ್ನು ತಲೆಕೆಳಗು ಮಾಡಿ ಹಿಂಚಕ್ರವನ್ನು ತಿರುಗಿಸಿ ಕಿವಿಗೊಟ್ಟನು. “ಏನೂ ಕೇಳಿಸುತ್ತಿಲ್ಲವಲ್ಲ, ಅದೇ ಕಾಯಿಲೆ” ಎಂದನು. ನೆಲದ ಮೇಲೆ ಅಗಲವಾದ ತಟ್ಟೆಯನ್ನಿಟ್ಟು ಫ್ರೀವೀಲಿನ ಮುಚ್ಚಳವನ್ನು ಬಲಕ್ಕೆ ತಿರುಗಿಸಿದನು; ಅದರ ತಿರುಪು ಎಡಸುತ್ತಿನದು. ಇದನ್ನರಿಯದೆ ಎಡಕ್ಕೆ ತಿರುಗಿಸುವವರು ಮುಚ್ಚಳವನ್ನು ಇನ್ನಷ್ಟು ಬಿಗಿಮಾಡಿ ಬೆವರುತ್ತಾರೆ. ಸಾಸಿವೆಗಿಂತ ತುಸು ದಪ್ಪನೆಯ ಉಕ್ಕಿನ ಗುಂಡುಗಳು ಹತ್ತಾರು ತಟ್ಟೆಗೆ ಉದುರಿದವು. ಗ್ರೀಸಿಗೆ ಬೀದಿಯ ಧೂಳು ಬೆರೆತು ಅರಗಿನಂತಾಗಿತ್ತು. ಚಳಿಗೆ ಅದು ಮತ್ತಷ್ಟು ಬಿಗಿದಿತ್ತು. ಚಿಲಕಗಳೆರಡೂ ಗೂಡಿನಲ್ಲೇ ಅಂಟಿಕೊಂಡಿದ್ದವು. ಅವನ್ನೆಬ್ಬಿಸಲು ಬಡ ಸ್ಪ್ರಿಂಗಿಗೆ ಬಲವೆಲ್ಲಿಂದ ಬರಬೇಕು?

ಸೀಮೆಎಣ್ಣೆಯಲ್ಲಿ ಎಲ್ಲವನ್ನೂ ತೊಳೆದು ಒರೆಸಿ, ಚಿಲಕಗಳ ಅಂಚು ಸವೆದಿಲ್ಲವೆಂದು ಬೆರಳಿನಿಂದ ಸವರಿ ನೋಡಿ, ತೆಳುವಾದ ಎಣ್ಣೆಯನ್ನು ಹನಿಸಿ ಮತ್ತೆ ಜೋಡಿಸಿದನು. ಕಾಲು ನಿಂತಾಗ ಒಂದೇ ಸಮನೆ ಬರುವ ಕಟಕಟಕ್ಕೆ ಅಂಜಬೇಕಾಗಿಲ್ಲ. ಅದು ತೀರ ಒರಟಾದರೆ ಎಣ್ಣೆ ಬತ್ತಿದೆಯೆಂದು ತಿಳಿಯಬೇಕು. ತುಳಿಯುವಾಗಲೇ ಕರಕರ ಎಂದರೆ ಒಡೆದ ಗುಂಡನ್ನೋ ಸಡಿಲವಾದ ಮುಚ್ಚಳವನ್ನೋ ಶಂಕಿಸಬೇಕು. ತಾಳ ತಪ್ಪಿ, ನಡುನಡುವೆ ನಿಂತು ನಿಂತು ಬಡಿದರೆ ಆ ಸೈಕಲ್ಲನ್ನು ಹತ್ತಲೇಬಾರದು. ಇಷ್ಟನ್ನು ಮುದುಕನು ಕೈ ಒರೆಸಿಕೊಳ್ಳುತ್ತ ಹೇಳಿದನು.

ಗುಮಾಸ್ತರು ಚಕ್ರ ತಿರುಗಿಸಿ ನೋಡಿದರು. ಸದ್ದು ಮೊದಲಿಗಿಂತ ಮೆತ್ತಗಿತ್ತು, ಆದರೆ ಇತ್ತು. ಇನ್ನೂ ನಾಲ್ಕು ಹನಿ ಬಿಟ್ಟರೆ ಪೂರ್ಣ ನಿಲ್ಲಬಹುದೇ ಎಂದು ಕೇಳಿದರು. ಮುದುಕನು ಎಣ್ಣೆಯ ಡಬ್ಬಿಗೆ ಮುಚ್ಚಳ ಹಾಕಿ ಅದನ್ನು ಹಲಗೆಯ ಮೇಲಿಟ್ಟನು.